ಅಚ್ಚುಕೂಟದ ಹಳೆಯ ಫೋಟೊ ಓದುವುದು ಹೇಗೆ?

ಅಚ್ಚುಕೂಟದ ಹಳೆಯ ಫೋಟೊ ಸಿಕ್ಕರೆ ಎಲ್ಲರೂ ಮೊದಲು ಯಂತ್ರವನ್ನು ನೋಡುತ್ತಾರೆ. ನಾನು ಮೊಳೆ (ಸೀಸದ ಅಚ್ಚಕ್ಷರ) ಜೋಡಿಸಿ ಬದುಕಿದವನು, ಮೊದಲು ಕೈಗಳನ್ನು ನೋಡುತ್ತೇನೆ. ಮೊಳೆಗಳನ್ನು ಸಾಲಾಗಿ ಜೋಡಿಸುವ ಕಿರುತಟ್ಟೆಯಾದ ಕಂಪೋಸಿಂಗ್ ಸ್ಟಿಕ್ಕನ್ನು ಎಡಗೈಯಲ್ಲಿ ಹಿಡಿದು ಬಲಗೈಯಿಂದ ಮೊಳೆ ಹೆಕ್ಕುವುದು ಈ ಕಸುಬಿನ ಮೊದಲ ಪಾಠ. ಸಾಲಾಗಿ ನಿಂತವರೆಲ್ಲರ ಸ್ಟಿಕ್ಕೂ ಬಲಗೈಯಲ್ಲಿದ್ದರೆ, ಗಾಜಿನ ನೆಗೆಟಿವನ್ನು ಯಾರೋ ಮಗುಚಿಟ್ಟು ಪ್ರಿಂಟ್ ತೆಗೆದಿರುವ ಸಾಧ್ಯತೆ ಹೆಚ್ಚು. ಖಾತ್ರಿಗೆ ಭೂತಗನ್ನಡಿ ಹಿಡಿಯಿರಿ. ಗೋಡೆಯ ಫಲಕ ನೇರವಾಗಿ, ಮೇಜಿನ ಮೇಲಿನ ಮೊಳೆಗಳು ತಿರುಗುಮುರುಗಾಗಿ ಕಾಣಬೇಕು. ಮೊಳೆಗಳನ್ನೇ ಸಲೀಸಾಗಿ ಓದಲು ಬಂದರೆ ಚಿತ್ರವೇ ಉಲ್ಟಾ. ಆದರೆ ನೆಗೆಟಿವ್ ಇಲ್ಲದೆ ಲೋಹದ ತಗಡಿನ ಮೇಲೆ ನೇರವಾಗಿ ಚಿತ್ರ ಮೂಡಿಸುವ, 1839ರಲ್ಲಿ ಪ್ರಕಟವಾದ ಡಾಗೆರೋಟೈಪ್ ವಿಧಾನದಲ್ಲಿ ಇದು ಸಾಮಾನ್ಯ. ಅಲ್ಲಿ ಬಿಂಬ ಎಡಬಲ ಅದಲುಬದಲಾಗಿಯೇ ಮೂಡುತ್ತಿತ್ತು.

ಆಮೇಲೆ ಬೆಲ್ಟನ್ನು ಹಿಂಬಾಲಿಸಿ. ಚಾವಣಿಯ ಶಾಫ್ಟ್‌ನಿಂದ ಇಳಿದ ಬೆಲ್ಟು ಯಂತ್ರದ ಸಡಿಲ ಗಾಲಿಯ (ಯಂತ್ರವನ್ನು ಓಡಿಸದೆ ತಾನೊಂದೇ ಸುತ್ತುವ ಗಾಲಿ) ಮೇಲಿದ್ದರೆ ಯಂತ್ರ ನಿಂತಿದೆ ಎಂದರ್ಥ, ಕೆಲಸಗಾರ ಹಾಳೆ ಕೊಡುವ ಭಂಗಿಯಲ್ಲಿ ಎಷ್ಟೇ ಬಾಗಿದ್ದರೂ ಸರಿ. 1851ರ ಒದ್ದೆ ಕೊಲೋಡಿಯನ್ ಫಲಕಕ್ಕೆ (ರಾಸಾಯನಿಕ ಬಳಿದು ಒದ್ದೆಯಿರುವಾಗಲೇ ಬಳಸುವ ಗಾಜಿನ ಫೋಟೊ ಫಲಕ) ಒಳಾಂಗಣದಲ್ಲಿ ಹಲವು ಸೆಕೆಂಡು ಬೆಳಕು ಬೇಕಿತ್ತು. ಓಡುವ ಚಕ್ರದ ಅರೆಗಳು ಮಂಜಾಗಿ ಕರಗಿಬಿಡುತ್ತಿದ್ದವು. ಹಾಗಾಗಿ ಯಂತ್ರ ನಿಲ್ಲಿಸಿ, ಜನರನ್ನು ಕಿಟಕಿಯ ಬಳಿ ನಿಲ್ಲಿಸಿ ತೆಗೆಯುವುದೇ ರೂಢಿ. ಏಪ್ರನ್‌ಗಳು ಶುಭ್ರವಾಗಿದ್ದರೆ ಫೋಟೊ ತೆಗೆಯುವ ದಿನ ಮೊದಲೇ ಗೊತ್ತಿತ್ತೆಂದು ನನ್ನ ಊಹೆ. ಮಸಿ ಕೆಲಸದವನ ಏಪ್ರನ್ ಮಧ್ಯಾಹ್ನದವರೆಗೂ ಬೆಳ್ಳಗಿರುವುದಿಲ್ಲ!

ತಲೆಗಳ ಹಿಂದೆ ಗೋಡೆಯ ಮೇಲೆ ಚೂಪಾದ ಕಪ್ಪು ನೆರಳಿದ್ದರೆ ಫ್ಲ್ಯಾಶ್ ಪುಡಿ ಸುಟ್ಟಿರಬಹುದು. ಅದು ಬಂದದ್ದು 1887ರಲ್ಲಿ, ಫೋಟೊ ಅದಕ್ಕೂ ಈಚಿನದು.

ಯಂತ್ರದಿಂದ ಕಾಲ ಹೇಳುವವರ ಅವಸರ ನನಗೆ ಹಿಡಿಸುವುದಿಲ್ಲ. ನೆತ್ತಿಯ ಮೇಲೆ ಎರಕದ ಹದ್ದು ಕುಳಿತ ಕೊಲಂಬಿಯನ್ ಪ್ರೆಸ್ 1813ರ ಸುಮಾರಿನ ಆವಿಷ್ಕಾರ. ಆದರೆ ಗಟ್ಟಿ ಕಬ್ಬಿಣವನ್ನು ಯಾರು ಎಸೆಯುತ್ತಾರೆ? ಅದು ದಶಕಗಳ ಕಾಲ ದುಡಿಯಿತು. ಚಿತ್ರದಲ್ಲಿರುವ ಅತ್ಯಂತ ಹೊಸ ವಸ್ತು ಯಾವುದೆಂದು ಹುಡುಕಿ. ಮೂಲೆಯಲ್ಲೊಂದು ಲೈನೋಟೈಪ್ (ಅಕ್ಷರಗಳ ಇಡೀ ಸಾಲನ್ನೇ ಎರಕ ಹೊಯ್ಯುವ ಯಂತ್ರ) ಇಣುಕಿದರೆ 1886ಕ್ಕಿಂತ ಹಿಂದೆ ಹೋಗಲೇಬೇಡಿ. ಬಣ್ಣದ ಬಗ್ಗೆಯೂ ಆತುರ ಬೇಡ. ಆ ಕಾಲದ ಫಲಕಗಳಿಗೆ ನೀಲಿಯೇ ಚೆನ್ನಾಗಿ ಕಾಣುತ್ತಿತ್ತು, ಕೆಂಪು ಬಣ್ಣ ಬಳಿದ ಚಕ್ರವೂ ಕಪ್ಪಾಗಿಯೇ ಮೂಡುತ್ತಿತ್ತು.

ಕೊನೆಗೆ ಅಂಚುಗಳನ್ನು ನೋಡಿ. ಅಚ್ಚಾದ ಹಾಳೆ ಎತ್ತಿಕೊಳ್ಳುವ ಹುಡುಗರು ಅಲ್ಲಿರುತ್ತಾರೆ, ಅಲುಗಾಡಿದ್ದರಿಂದ ಮುಖ ಮಸುಕು. ವಿವರಣೆ ಬರೆಯುವಾಗ ಅವರನ್ನೂ ಎಣಿಸಿ. ಬೆಲ್ಟು ಸಡಿಲ ಗಾಲಿಯ ಮೇಲಿದ್ದರೆ ‘ಕೆಲಸದಲ್ಲಿ ತೊಡಗಿರುವವರು’ ಎಂದು ಬರೆಯಬೇಡಿ, ‘ಯಂತ್ರದ ಬಳಿ ನಿಂತಿರುವವರು’ ಎಂದು ಬರೆಯಿರಿ.