ಮಗು ಬರೋಕ್ಮುಂಚೆ ಮನೇಲಿ ಮಾಡ್ಕೋಬೇಕಾದ್ದು

ಕಾರವಾರದ ಮಳೇಲಿ ಡೆಲಿವರಿ ಡೇಟ್ ಇದ್ರೆ ಮೊದ್ಲು ಬಟ್ಟೆ ನೋಡ್ಕೊಳ್ಳಿ, ಅಮ್ಮನ ಹಳೇ ಕಾಟನ್ ಸೀರೆ ಚೌಕ ಚೌಕ ಹರಿದು ಮೇ ಬಿಸಿಲಲ್ಲೇ ತೊಳೆದು ಒಣಗಿಸಿಡಿ, ಜೂನ್ ಬಂತಂದ್ರೆ ಯಾವ್ದೂ ಸರಿಯಾಗಿ ಒಣಗಲ್ಲ. ತಾಯಿ ಕಾರ್ಡ್ (ಬಸುರಿ ಚೆಕಪ್ ಬರ್ದಿಡೋ ಸರ್ಕಾರಿ ಕಾರ್ಡ್) ಆಸ್ಪತ್ರೆ ಬ್ಯಾಗಲ್ಲೇ ಇರ್ಲಿ.

ಕ್ಯಾಥೊಲಿಕ್ ಮನೆಯವ್ರಾದ್ರೆ ದೀಕ್ಷಾಸ್ನಾನದ (ಬ್ಯಾಪ್ಟಿಸಂ) ವಿಷಯ ಹುಟ್ಟಿದ್ಮೇಲೆ ನೋಡೋಣ ಅಂತ ಬಿಡ್ಬೇಡಿ, ಈಗ್ಲೇ ಚರ್ಚಿನ ಫಾದರ್ ಹತ್ರ ಮಾತಾಡಿ. ಜ್ಞಾನತಂದೆನೋ (ಗಾಡ್‌ಫಾದರ್) ಜ್ಞಾನತಾಯಿನೋ (ಗಾಡ್‌ಮದರ್) ಒಬ್ರಿದ್ರೂ ಸಾಕು, ಇಬ್ರಾದ್ರೆ ಒಬ್ಬ ಗಂಡು ಒಬ್ಬ ಹೆಣ್ಣು, ಸಾಮಾನ್ಯವಾಗಿ 16 ವರ್ಷ ತುಂಬಿರ್ಬೇಕು, ಚರ್ಚಲ್ಲಿ ದೃಢೀಕರಣ ಸಂಸ್ಕಾರ (ಕನ್ಫರ್ಮೇಶನ್) ಆಗಿರ್ಬೇಕು, ಹೆತ್ತವರೇ ಆಗೋಹಾಗಿಲ್ಲ. ನನ್ ಪ್ರಕಾರ ದೂರದ ದೊಡ್ಡ ಮನುಷ್ಯರಿಗಿಂತ ಭಾನುವಾರದ ಪೂಜೆ ತಪ್ಪಿಸದ, ಮಗು ಜೊತೆ ಬೆರೆಯೋ ಅತ್ತೆ ಮಾವನೇ ಒಳ್ಳೇದು.

ಮನೇಲಿ ದೊಡ್ಡ ಮಗು ಇದ್ರೆ ಸಂಜೆ ಜಪಸರ (ಮಣಿ ಹಿಡ್ಕೊಂಡು ಹೇಳೋ ರೋಸರಿ) ಹೇಳುವಾಗ ಪಾಪುಗೋಸ್ಕರ ಒಂದು ನಮೋ ಮರಿಯಾ ಪ್ರಾರ್ಥನೆ ಅವನ ಬಾಯಲ್ಲೇ ಹೇಳ್ಸಿ, ಮಣಿ ಅವನೇ ಹಿಡ್ಕೊಳ್ಲಿ, ಅರ್ಧಕ್ಕೆ ನಿದ್ದೆ ಬಂದ್ರೆ ಬೈಬೇಡಿ.