ಮಂಡಿಚಿಪ್ಪಿಗೆ ಹೊಸ ಲಿಗಮೆಂಟ್: ಬಿಗಿದು ಕಟ್ಟಿದರೆ ಕೆಲಸ ಕೆಡುತ್ತದೆ

ಉಡುಪಿಯಲ್ಲಿ ಮೂಳೆ ಡಾಕ್ಟರಾಗಿ ದಿನಾ ಮಂಡಿ ನೋಡುತ್ತೇನೆ. ಆದರೆ ಚಿಪ್ಪು ಪದೇ ಪದೇ ಜಾರುವವರ ಭಯವೇ ಬೇರೆ. ಕಳೆದ ವರ್ಷ ಬಂದ ಹುಡುಗಿಗೆ 19 ವರ್ಷ, ಬಡಗುತಿಟ್ಟು ಯಕ್ಷಗಾನ ಕಲಿಯುತ್ತಿದ್ದಳು. ಮಳೆಗಾಲದ ಆಟಿ ತಿಂಗಳಲ್ಲಿ ಪಾಚಿ ಹಿಡಿದ ಅಂಗಳದಲ್ಲಿ ಬಿದ್ದು ಮೊದಲ ಸಲ ಚಿಪ್ಪು ಹೊರಗೆ ಹೋಗಿತ್ತು. ಆಮೇಲೆ ಮೂರು ಸಲ, ಒಮ್ಮೆಯಂತೂ ಬಸ್ಸಿನಿಂದ ಇಳಿದು ಸುಮ್ನೆ ತಿರುಗಿದ್ದಕ್ಕೆ. ನಾನು ಹೆಬ್ಬೆರಳಿನಿಂದ ಚಿಪ್ಪನ್ನು ಹೊರಬದಿಗೆ ಸ್ವಲ್ಪ ಒತ್ತಿದೆ ಅಷ್ಟೇ, ನನ್ನ ಮಣಿಕಟ್ಟು ಹಿಡಿದುಬಿಟ್ಟಳು. "ಬೇಡ ಡಾಕ್ಟ್ರೇ, ಈಗ ಹೋಗ್ತದೆ!" ಆಮೇಲೆ ಕೇಳಿದ್ದು ಒಂದೇ: "ಇನ್ನು ಮಂಡಿ ಹಾಕ್ಲಿಕ್ಕೆ ಆಗ್ತದಾ?" ಮಂಡಿ ಹಾಕುವುದು ಅಂದರೆ ನೆಲಕ್ಕೆ ಮಂಡಿಯೂರಿ ತಿರುಗುವ ಯಕ್ಷಗಾನದ ಕುಣಿತ.

ಮೊದಲ ಸಲ ಜಾರಿದಾಗ ಹೆಚ್ಚಿನವರಿಗೆ ಬ್ರೇಸ್, ವ್ಯಾಯಾಮ ಸಾಕು. ಪದೇ ಪದೇ ಜಾರಿದರೆ ಚಿಪ್ಪನ್ನು ಒಳಬದಿಯಿಂದ ಹಿಡಿಯುವ ಎಂಪಿಎಫ್‌ಎಲ್ ಎಂಬ ಲಿಗಮೆಂಟ್ (ತೊಡೆ ಮೂಳೆಗೂ ಚಿಪ್ಪಿಗೂ ನಡುವಿನ ಪಟ್ಟಿ) ಸಡಿಲ ಬಿದ್ದಿರುತ್ತದೆ. ಅದೊಂದೇ ಕಾರಣವಾ ಅಂತ ಅಳೆದು ನೋಡಬೇಕು. ಚಿಪ್ಪಿನ ಸ್ನಾಯುರಜ್ಜು (ಟೆಂಡನ್) ಕೆಳಗೆ ಅಂಟುವ ಮೂಳೆಯ ಉಬ್ಬು, ಚಿಪ್ಪು ಜಾರಾಡುವ ತೊಡೆ ಮೂಳೆಯ ತೋಡಿನಿಂದ 20 ಮಿ.ಮೀ.ಗಿಂತ ಜಾಸ್ತಿ ಹೊರಗಿದ್ದರೆ ಆ ಉಬ್ಬನ್ನೇ ಕತ್ತರಿಸಿ ಸರಿಸುವ ಯೋಚನೆ ಮಾಡುತ್ತೇವೆ. ಇವಳದ್ದು 14. ಚಿಪ್ಪು ಇರಬೇಕಾದ್ದಕ್ಕಿಂತ ಮೇಲೆ ಕೂತಿರಲಿಲ್ಲ, ತೋಡೂ ಚೆನ್ನಾಗಿತ್ತು. ಹಾಗಾಗಿ ಲಿಗಮೆಂಟ್ ಮಾತ್ರ ಹೊಸದು ಮಾಡಿದರೆ ಸಾಕಿತ್ತು.

ಅವಳದೇ ಮಂಡಿಯ ಕೆಳಗೆ ಒಳಬದಿಯಲ್ಲಿ ಸಣ್ಣ ಗಾಯ ಮಾಡಿ ಹೊಸ ಲಿಗಮೆಂಟಿಗಾಗಿ ಒಳತೊಡೆಯ ಗ್ರಾಸಿಲಿಸ್ ಸ್ನಾಯುವಿನ ಸ್ನಾಯುರಜ್ಜು ತೆಗೆದೆ. ಅದರ ಎರಡು ತುದಿಯನ್ನು ಚಿಪ್ಪಿನ ಒಳ ಅಂಚಿನ ಮೇಲಿನ ಅರ್ಧಕ್ಕೆ ಕೂರಿಸಿದೆ. ಕಷ್ಟ ಇರುವುದು ಅದರ ನಡುಭಾಗ ಕೂರುವ ಕಡೆ, ತೊಡೆ ಮೂಳೆಯಲ್ಲಿ. ಅಲ್ಲಿ ಜಾಗ ಕೆಲವೇ ಮಿ.ಮೀ. ತಪ್ಪಿದರೂ ಲೆಕ್ಕ ಕೆಡುತ್ತದೆ. ಸಿ-ಆರ್ಮ್‌ನಲ್ಲಿ (ಆಪರೇಷನ್ ನಡುವೆಯೇ ನೋಡುವ ಎಕ್ಸ್-ರೇ ಯಂತ್ರ) ತೊಡೆ ಮೂಳೆಯ ತುದಿಯ ಎರಡು ಗುಂಡುಗಳು ಒಂದರ ಮೇಲೊಂದು ಸರಿಯಾಗಿ ಕೂತು ಒಂದೇ ಆಗಿ ಕಾಣುವವರೆಗೆ ಕಾಲು ತಿರುಗಿಸಿ, ಆಮೇಲೇ ಪಿನ್ ಹಾಕುವುದು. ಚಿಪ್ಪಿನ ಕಡೆಯಿಂದ ಬಂದ ದಾರವನ್ನು ಪಿನ್ನಿಗೆ ಸುತ್ತಿ ಮಂಡಿ ಮಡಚಿದೆ. ಮಡಚಿದಂತೆ ದಾರ ಬಿಗಿಯಾಯ್ತು, ಅಂದರೆ ಪಿನ್ ಮೇಲೆ ಹೋಗಿದೆ. ತೆಗೆದು ಸ್ವಲ್ಪ ಕೆಳಗೆ ಹಾಕಿದೆ. ನರ್ಸ್ ಗಡಿಯಾರ ನೋಡಿದರು, ನೋಡಲಿ. ಈ ಕೆಲಸ ಅವಸರದಲ್ಲಿ ಆಗುವುದಲ್ಲ.

ಯಾಕೆಂದರೆ ಶುರುವಿನ ವರ್ಷಗಳಲ್ಲಿ ಒಬ್ಬ ಹುಡುಗನಿಗೆ ನಾನು "ಇನ್ನು ಜಾರಲೇಬಾರದು" ಅಂತ ಎಳೆದು ಕಟ್ಟಿದ್ದೆ. ಜಾರಲಿಲ್ಲ ನಿಜ, ಆದರೆ ಮಂಡಿ 90 ಡಿಗ್ರಿಗಿಂತ ಹೆಚ್ಚು ಮಡಚಲಿಲ್ಲ, ಮೆಟ್ಟಿಲು ಇಳಿಯುವಾಗ ನೋವಿನಿಂದ ಅಳುತ್ತಿದ್ದ. ಮತ್ತೆ ಆಪರೇಷನ್ ಮಾಡಿ ಸಡಿಲಿಸಬೇಕಾಯ್ತು. ಅವನ ಅಮ್ಮ ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಅದು ಇನ್ನೂ ಚುಚ್ಚುತ್ತದೆ. ಈ ಲಿಗಮೆಂಟ್ ಚಿಪ್ಪನ್ನು ಎಳೆದು ಹಿಡಿಯುವ ಹಗ್ಗ ಅಲ್ಲ. ಹೊರಗೆ ಹೋಗಲು ಹೊರಟಾಗ ಮಾತ್ರ ತಡೆಯಬೇಕು.

ಹಾಗಾಗಿ ಇವಳಿಗೆ ಮಂಡಿ 30 ಡಿಗ್ರಿ ಮಡಚಿಟ್ಟು, ಎಳೆಯದೆ, ಸ್ಕ್ರೂ ಹಾಕಿದೆ. ಬೆರಳಿನಿಂದ ತಳ್ಳಿ ನೋಡಿದೆ. ಚಿಪ್ಪು ಸ್ವಲ್ಪ ಸರಿದು ತಟಕ್ಕನೆ ನಿಂತಿತು. ಮಂಡಿ ಪೂರ್ತಿ ಮಡಚಿತು.

ಆರು ವಾರಕ್ಕೆ 90 ಡಿಗ್ರಿ ದಾಟಿದಳು. ತೊಡೆಯ ಸ್ನಾಯು ಬಲ ಬರುವವರೆಗೆ ಕುಣಿಯಲು ಬಿಡಲಿಲ್ಲ, ಅದಕ್ಕೆ ತಿಂಗಳುಗಟ್ಟಲೆ ಜಗಳ ಆಡಿದಳು. ಒಂಬತ್ತನೇ ತಿಂಗಳಲ್ಲಿ ಕ್ಲಿನಿಕ್ಕಿನ ಚಾಪೆ ಮೇಲೆ ಮೆಲ್ಲಗೆ ಒಂದು ಮಂಡಿ ಹಾಕಿ ತೋರಿಸಿದಳು. ನಾನು ಮತ್ತೆ ಹೆಬ್ಬೆರಳಿನಿಂದ ಚಿಪ್ಪು ತಳ್ಳಿದೆ. ಈ ಸಲ ನನ್ನ ಕೈ ಹಿಡಿಯಲಿಲ್ಲ.