ಮಕ್ಕಳಿಗೆ ಡಿಸ್ಕ್ ಆಪರೇಷನ್: ಒಪ್ಪುವ ಮೊದಲು, ಮನೆಗೆ ಬಂದ ಮೇಲೆ

"ಮೇಡಂ, ಇಷ್ಟು ಸಣ್ಣ ವಯಸ್ಸಿಗೇ ಬೆನ್ನು ಕುಯ್ಸೋದಾ?" ಮಂಡ್ಯ, ಪಾಂಡವಪುರ ಕಡೆಯಿಂದ ಮೈಸೂರಿಗೆ ನನ್ನ ಫಿಸಿಯೋಥೆರಪಿ ಕೊಠಡಿಗೆ ಬರುವ ತಾಯಂದಿರು ಎಂ.ಆರ್.ಐ. ಕವರ್ ಮುಂದಿಟ್ಟು ಕೇಳುವುದು ಇದನ್ನೇ. ಡಿಸ್ಕ್ ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ. ಅದು ಹೊರಚಾಚಿ ಕಾಲಿಗೆ ಹೋಗುವ ನರವನ್ನು ಒತ್ತುವುದೇ ಈ ತೊಂದರೆ. ಫಿಲ್ಮ್ ಆಮೇಲೆ, ಮೊದಲು ಮಗುವಿನ ಕಾಲು ನೋಡೋಣ ಎನ್ನುತ್ತೇನೆ.

ಅಂಗಾತ ಮಲಗಿಸಿ, ಮಂಡಿ ಮಡಚದಂತೆ ಒಂದು ಕಾಲನ್ನು ನಿಧಾನವಾಗಿ ಎತ್ತಿ. ಸ್ವಲ್ಪ ಎತ್ತುವಷ್ಟರಲ್ಲೇ ಕುಂಡೆಯಿಂದ ಪಾದದವರೆಗೆ ಸೆಳೆದರೆ ನರ ಒತ್ತಿರುವ ಸಾಧ್ಯತೆ ಹೆಚ್ಚು. ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ, ತುದಿಬೆರಳ ಮೇಲೆ ನಾಲ್ಕು ಹೆಜ್ಜೆ ನಡೆಸಿ. ಒಂದು ಕಾಲು ಸೋತರೆ ವೈದ್ಯರಿಗೆ ಹೇಳಿ. ಕೆಲವು ಮಕ್ಕಳಿಗೆ ಬೆನ್ನು ನೋವೇ ಇರುವುದಿಲ್ಲ, ಒಂದು ಪಕ್ಕಕ್ಕೆ ವಾಲಿಕೊಂಡು ನಡೆಯುತ್ತಾರೆ, ಅಷ್ಟೇ. ಮೂತ್ರ ಕಟ್ಟಿದರೆ, ಕೂರುವ ಜಾಗ ಮರಗಟ್ಟಿದರೆ, ಪಾದ ಎತ್ತಲಾಗದೆ ಎಳೆದಾಡಿದರೆ ಬೆಳಗಾಗುವವರೆಗೆ ಕಾಯಬೇಡಿ. ಆ ರಾತ್ರಿಯೇ ಆಸ್ಪತ್ರೆಗೆ ಹೊರಡಿ.

ಈ ತುರ್ತು ಲಕ್ಷಣಗಳು ಯಾವುವೂ ಇಲ್ಲದಿದ್ದರೆ ಸಾಮಾನ್ಯವಾಗಿ 6 ವಾರ ಮಾತ್ರೆ, ನಡಿಗೆ, ವ್ಯಾಯಾಮದಲ್ಲಿ ನೋಡುತ್ತಾರೆ. ಆ ಅವಧಿಯಲ್ಲಿ ಉಳುಕು ತೆಗೆಸಲು ಹೋಗಬೇಡಿ, ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನು ತುಳಿಸಬೇಡಿ. ಕೈಮುಗಿದು ಕೇಳುತ್ತೇನೆ.

ನೋವು ಇಳಿಯದೆ, ಮಗು ನಿದ್ದೆಗೆಟ್ಟು ತರಗತಿಯಲ್ಲಿ ಕೂರಲೂ ಆಗದಿದ್ದರೆ ಆಪರೇಷನ್ ಮಾತು ಬರುತ್ತದೆ. ಎಳೆಯರ ಡಿಸ್ಕ್‌ನಲ್ಲಿ ನೀರಿನಂಶ ಹೆಚ್ಚು, ಅದು ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ದೊಡ್ಡವರಲ್ಲಿ ಕರಗುವಷ್ಟು ಸುಲಭವಾಗಿ ತಾನೇ ಕರಗುವುದಿಲ್ಲ. ಆಗ ಸರ್ಜನ್‌ಗೆ ಈ ಪ್ರಶ್ನೆ ತಪ್ಪದೆ ಕೇಳಿ: "ಡಿಸ್ಕ್ ಜೊತೆ ಮೂಳೆಯ ಅಂಚೂ ಕಿತ್ತು ಬಂದಿದೆಯಾ?" ಬೆಳೆಯುವ ವಯಸ್ಸಿನಲ್ಲಿ ಹಾಗಾಗುವುದುಂಟು. ಎಂ.ಆರ್.ಐ.ಯಲ್ಲಿ ಕಾಣದ ಚೂರು ಸಿ.ಟಿ. ಸ್ಕ್ಯಾನ್‌ನಲ್ಲಿ ಕಾಣುತ್ತದೆ, ಅದಿದ್ದರೆ ಆಪರೇಷನ್ನಿನ ದಾರಿಯೇ ಬದಲಾಗಬಹುದು.

ಮೈಕ್ರೋಡಿಸ್ಕೆಕ್ಟಮಿ ಎನ್ನುವ ಡಿಸ್ಕ್ ಆಪರೇಷನ್ನಿನಲ್ಲಿ ಸುಮಾರು 2 ಸೆಂ.ಮೀ. ಗಾಯ. ಸ್ನಾಯುಗಳನ್ನು ಕತ್ತರಿಸದೆ ಸರಿಸಿ ಕೊಳವೆ ಇಳಿಸಿ, ಮೈಕ್ರೋಸ್ಕೋಪ್‌ನಲ್ಲಿ ನೋಡುತ್ತಾ ನರಕ್ಕೆ ಒತ್ತುವ ತುಂಡನ್ನಷ್ಟೇ ತೆಗೆಯುತ್ತಾರೆ. ಎಂಡೋಸ್ಕೋಪ್ (ಕ್ಯಾಮೆರಾ ಇರುವ ಸಣ್ಣ ಕೊಳವೆ) ಬಳಸಿದರೆ ಗಾಯ 1 ಸೆಂ.ಮೀ.ಗಿಂತ ಕಡಿಮೆ. ಬರೀ ಗಾಯದ ಅಳತೆ ನೋಡಿ ಆರಿಸಬೇಡಿ. ಆ ಸರ್ಜನ್ ಹದಿಹರೆಯದವರಿಗೆ ಎಷ್ಟು ಮಾಡಿದ್ದಾರೆ ಎಂದು ಕೇಳಿ. ಖರ್ಚಿನ ವಿಷಯ: ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಮೊದಲು ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಮಿಮ್ಸ್‌ನಲ್ಲೋ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೋ ತೋರಿಸಿ, ರೆಫರಲ್ ಬಗ್ಗೆ ಅಲ್ಲೇ ವಿಚಾರಿಸಿ.

ಮನೆಗೆ ಕರೆತರುವ ಮೊದಲೇ ಕಮೋಡ್ ಕುರ್ಚಿ ಬಾಡಿಗೆಗೆ ತನ್ನಿ. ಹಳ್ಳಿಮನೆಯಲ್ಲಿ ಕುಕ್ಕರುಗಾಲಲ್ಲಿ ಕೂರುವುದು, ನೆಲದ ಮೇಲೆ ಕೂತು ಬಗ್ಗಿ ಮುದ್ದೆ ಉಣ್ಣುವುದು ಸದ್ಯಕ್ಕೆ ಬೇಡ. ತಟ್ಟೆ ಮೇಜಿನ ಮೇಲಿರಲಿ. ಹಾಸಿಗೆಯಿಂದ ಏಳುವಾಗ ಮಗ್ಗುಲಾಗಿ, ಕಾಲು ಕೆಳಗೆ ಬಿಟ್ಟು, ಕೈಯೂರಿ ಏಳಲಿ. ನಡಿಗೆ ಮೊದಲ ದಿನಗಳಿಂದಲೇ ಬೇಕು. ಒಂದೇ ಸಮ ಅರ್ಧ ಗಂಟೆಗಿಂತ ಹೆಚ್ಚು ಕೂರುವುದು, ಬೈಕಿನ ಹಿಂದಿನ ಸೀಟು, ತುಂಬಿದ ಸ್ಕೂಲ್ ಬ್ಯಾಗು, ನೀರಿನ ಬಿಂದಿಗೆ ಬೇಡ.

ನನಗೆ ಹೆಚ್ಚು ಭಯ ಮೂರನೇ ವಾರದ್ದು. ಕಾಲಿನ ಸೆಳೆತ ಹೋಗಿರುತ್ತದೆ, ಗಾಯ ಒಣಗಿರುತ್ತದೆ, ಹುಡುಗ ತಾನು ಸರಿಹೋದೆ ಅಂದುಕೊಳ್ಳುತ್ತಾನೆ. ಒಳಗೆ ಡಿಸ್ಕ್‌ನ ಹೊರಪದರ ಇನ್ನೂ ಹಸಿ. ದಸರಾ ಕ್ರೀಡಾಕೂಟದ ಕಬಡ್ಡಿಗೆ ಹೆಸರು ಕೊಟ್ಟ ಒಬ್ಬ ಹುಡುಗನನ್ನು ತಡೆಯಲು ಅವನ ಪಿ.ಟಿ. ಮೇಷ್ಟ್ರಿಗೇ ಫೋನ್ ಮಾಡಿ ಬೇಡಿಕೊಂಡೆ. ಅವರು ಅವನಿಗೆ ಸ್ಕೋರ್ ಬರೆಯುವ ಕೆಲಸ ಕೊಟ್ಟರು, ಅವನು ಅಂಗಳ ಬಿಟ್ಟು ದೂರ ಹೋಗಬೇಕಾಗಲಿಲ್ಲ. ನೀವೂ ಮೇಷ್ಟ್ರ ಹತ್ತಿರ ಮಾತಾಡಿ. ಬಗ್ಗುವುದು, ಭಾರ ಎತ್ತುವುದು, ಸೊಂಟ ತಿರುಚುವುದು 6 ವಾರ ಬಂದ್. ಮೈಗೆ ಮೈ ತಾಗುವ ಆಟಕ್ಕೆ ಸಾಮಾನ್ಯವಾಗಿ 3 ತಿಂಗಳಾದರೂ ಬೇಕು, ಅದೂ ಸರ್ಜನ್ ಒಪ್ಪಿದ ಮೇಲೆ.

ಜ್ವರ ಬಂದರೆ, ಗಾಯದಿಂದ ಕೀವೋ ತಿಳಿನೀರೋ ಸೋರಿದರೆ, ಎದ್ದು ಕೂತ ತಕ್ಷಣ ತಲೆ ಸಿಡಿದರೆ, ಕಾಲಿನ ಸೆಳೆತ ಮತ್ತೆ ಶುರುವಾದರೆ ಮುಂದಿನ ಚೆಕಪ್ ತಾರೀಖು ನೋಡುತ್ತಾ ಕೂರದೆ ಅವತ್ತೇ ಸರ್ಜನ್‌ಗೆ ತೋರಿಸಿ.